ತಕರಾರಿಲ್ಲದ ಉದಾಹರಣೆ ಹುಡುಕಬೇಡಿ

ಒಂಬತ್ತನೇ ತರಗತಿಗೆ ಸೆನ್ಸಾರ್‌ಶಿಪ್ ಬಗ್ಗೆ ಹೇಳಿಕೊಡಬೇಕು, ಊರಲ್ಲಿ ಯಾರೂ ತಕರಾರು ತೆಗೆಯದ ಉದಾಹರಣೆ ಬೇಕು ಅಂತ ಕೇಳಿದ್ದೀರಿ. ಮೂಡಿಗೆರೆ ಕಡೆ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುತ್ತಿದ್ದಾಗ ನಾನೂ ಇದನ್ನೇ ಹುಡುಕಿದ್ದೆ.

ಸಿಕ್ಕಿದ್ದು ಬಿಜೋ ಇಮ್ಯಾನುಯೆಲ್ ಪ್ರಕರಣ. 1985ರಲ್ಲಿ ಕೇರಳದ ಶಾಲೆಯೊಂದು ಬಿಜೋ ಸೇರಿ ಮೂವರು ಮಕ್ಕಳನ್ನು ಹೊರಗೆ ಹಾಕಿತ್ತು. ರಾಷ್ಟ್ರಗೀತೆಗೆ ಅವರು ಎದ್ದು ನಿಲ್ಲುತ್ತಿದ್ದರು, ಧರ್ಮದ ಕಾರಣಕ್ಕೆ ಹಾಡುತ್ತಿರಲಿಲ್ಲ, ಅಷ್ಟೇ. 1986ರಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ 19 ಮತ್ತು 25ನೇ ವಿಧಿಯ ಹಕ್ಕಿಗೆ, ಅಂದರೆ ಮಾತಿನ ಮತ್ತು ಧರ್ಮದ ಸ್ವಾತಂತ್ರ್ಯಕ್ಕೆ, ಧಕ್ಕೆಯಾಗಿದೆ, ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಎಂದಿತು. ನಮ್ಮ ಮಕ್ಕಳು ಕಿವಿಗೊಟ್ಟು ಕೇಳಿದರು.

ಅದೇ ವಾರ ಗೋಡೆ ಪತ್ರಿಕೆಗೆ ಒಬ್ಬಳು ಹುಡುಗಿ, ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು ಬರಲ್ಲ ಅಂತ ಬರೆದುಕೊಟ್ಟಳು. ಶಾಲೆಯ ಉಸ್ತುವಾರಿ ನೋಡುವ ಎಸ್‌ಡಿಎಂಸಿ ಸಮಿತಿಯ ಸಭೆ ಹತ್ತಿರ ಇತ್ತು. ಯಾಕೆ ಸುಮ್ನೆ ರಗಳೆ ಅಂತ ನಾನೇ ಆ ಸಾಲು ತೆಗೆದೆ. ಎಚ್.ಎಂ. (ಮುಖ್ಯೋಪಾಧ್ಯಾಯರು) ತೆಗೆಯಿರಿ ಅಂದಿರಲಿಲ್ಲ. ಯಾರೂ ಅಂದಿರಲಿಲ್ಲ. ಕಾಗುಣಿತ ತಿದ್ದಿದ್ದರೆ ಅದು ಮೇಷ್ಟ್ರ ಕೆಲಸ. ಬರೆದದ್ದರ ಬಗ್ಗೆ ಅನುಮಾನ ಇದ್ದಿದ್ದರೆ ಹೋಗಿ ನಲ್ಲಿ ತಿರುಗಿಸಿ ನೋಡಬಹುದಿತ್ತು. ನಾನು ತೆಗೆದದ್ದು ಇಡೀ ಶಾಲೆಗೆ ಗೊತ್ತಿದ್ದ ನಿಜ. ಅದನ್ನೂ ಅವಳಿಗೆ ಹೇಳದೆ ತೆಗೆದೆ. "ನನ್ನ ಸಾಲು ಯಾಕೆ ತೆಗೆದ್ರಿ ಸಾರ್?" ಅಂದಾಗ ಜಾಗ ಸಾಲಲಿಲ್ಲ ಅಂದುಬಿಟ್ಟೆ. ಹಾಳೆಯ ಅರ್ಧ ಖಾಲಿ ಇತ್ತು, ಎಲ್ಲರೂ ನೋಡಿದ್ದರು. ನಿಜವಾದ ಕಾರಣ ಹೇಳಿದ್ದರೆ ಜಗಳ ಆಡುತ್ತಿದ್ದಳು, ಆ ಜಗಳವೇ ಪಾಠ ಆಗುತ್ತಿತ್ತು ಅಲ್ವಾ? ಆಮೇಲೆ ವರ್ಷವಿಡೀ ಬಂದದ್ದು ಮಳೆ, ಅಜ್ಜಿ ಮನೆ, ಕಾಫಿ ಹೂವು. ಏನು ಬರೆದರೆ ಮೇಷ್ಟ್ರು ಒಪ್ಪುತ್ತಾರೆ ಅಂತ ಮಕ್ಕಳು ಕಲಿತುಬಿಟ್ಟಿದ್ದರು.

ಅದಕ್ಕೇ ಹೇಳುವುದು, ತಕರಾರು ಬಾರದ ಹಾಗೆ ಉದಾಹರಣೆ ಆರಿಸಿದರೆ ನೀವೇ ಮೊದಲು ಕತ್ತರಿ ಹಾಕಿದ ಹಾಗೆ. 2022ರ ಪಠ್ಯಪುಸ್ತಕ ಪರಿಷ್ಕರಣೆಯ ಗಲಾಟೆ ನಮ್ಮ ರಾಜ್ಯದ್ದೇ. 2023ರಲ್ಲಿ ಸರ್ಕಾರ ಬದಲಾಯಿತು, ಪಾಠಗಳೂ ಮತ್ತೆ ಬದಲಾದವು. ಎರಡನ್ನೂ ಮುಂದಿಡಿ. ಯಾವ ಪಕ್ಷ ಸರಿ ಅನ್ನುವ ಚರ್ಚೆ ಬೇಡ. ಪಾಠ ತೆಗೆದವರು ಯಾರು, ಸೇರಿಸಿದವರು ಯಾರು, ಕಾರಣ ಕೊಟ್ಟರಾ, ಮೇಷ್ಟ್ರುಗಳನ್ನು ಕೇಳಿದರಾ, ಇದನ್ನು ಮಕ್ಕಳೇ ಹುಡುಕಲಿ. ಮಾತಿನ ಸ್ವಾತಂತ್ರ್ಯಕ್ಕೆ ಸಂವಿಧಾನದ 19(2)ನೇ ವಿಧಿಯಲ್ಲಿ ಮಿತಿಗಳಿವೆ, ಅದನ್ನೂ ಓದಿಸಿ. ಆ ಪಟ್ಟಿಯಲ್ಲಿ ಎಚ್.ಎಂ.ಗೆ ಮುಜುಗರ ಅಂತ ಎಲ್ಲೂ ಇಲ್ಲ.

ಇದಕ್ಕೆಲ್ಲ ಮೊದಲು ಮಕ್ಕಳ ಜೊತೆ ಕೂತು ನಿಮ್ಮ ಗೋಡೆ ಪತ್ರಿಕೆಗೆ ನಿಯಮ ಮಾಡಿ. ಒಂದು ಸಾಲು ತೆಗೆದರೂ ಬರೆದವರಿಗೆ ಕಾರಣ ಬರೆದು ಕೊಡಬೇಕು, ತೆಗೆದವರು ಎಚ್.ಎಂ. ಆಗಲಿ, ನೀವಾಗಲಿ.