ಪ್ರಶ್ನೋತ್ತರ: ಕಲ್ಯಾಣ ಮಂಟಪದಲ್ಲಿ ಕ್ಯಾಮೆರಾ ಹಿಡಿದವರ ವೃತ್ತಿಪಾಠಗಳು

ಛಾಯಾಗ್ರಹಣವನ್ನು ವೃತ್ತಿಯಾಗಿ ಕೈಗೊಂಡವರಿಂದಲೂ ಅವರಿಂದ ಕೆಲಸ ಮಾಡಿಸಿಕೊಂಡವರಿಂದಲೂ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಬಹುಪಾಲು ಪತ್ರಗಳು ಮದುವೆಯ ಚಿತ್ರಗಳಿಗೆ ಸಂಬಂಧಿಸಿದವು. ನಮ್ಮಲ್ಲಿ ಈ ವೃತ್ತಿಯವರ ಅನ್ನ ಹೆಚ್ಚಾಗಿ ಹುಟ್ಟುವುದು ಕಲ್ಯಾಣ ಮಂಟಪದಲ್ಲೇ ಆದ್ದರಿಂದ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಪ್ರಶ್ನೆ: ಕೆಲವು ವರ್ಷಗಳಿಂದ ಬೇರೊಬ್ಬರ ಸ್ಟುಡಿಯೋದಲ್ಲಿ ಸಹಾಯಕನಾಗಿದ್ದೇನೆ. ಈಗ ಸ್ವಂತವಾಗಿ ಮದುವೆ ಆರ್ಡರ್ ಹಿಡಿಯಬೇಕೆಂದಿದ್ದೇನೆ. ಸಾಲ ಮಾಡಿ ಹೊಸ ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾ ಕೊಳ್ಳುವುದು ಸರಿಯೇ?
– ಓದುಗರು, ದಾವಣಗೆರೆ

ಉತ್ತರ: ಸಾಲ ಮಾಡುವ ಮುನ್ನ ಪಂಚಾಂಗವನ್ನೊಮ್ಮೆ ತೆರೆದು ನೋಡಿ. ಆಷಾಢದಲ್ಲಿ ಮದುವೆಗಳಿಲ್ಲ, ಪಿತೃಪಕ್ಷದಲ್ಲಿಲ್ಲ, ಧನುರ್ಮಾಸದಲ್ಲಿಲ್ಲ. ಅಧಿಕಮಾಸ ಬಂದ ವರ್ಷ ಇನ್ನೂ ಒಂದು ತಿಂಗಳು ಖಾಲಿ ಹೋಗುತ್ತದೆ. ಬ್ಯಾಂಕಿನ ಕಂತಿಗೆ ಆಷಾಢವೂ ಒಂದೇ, ವೈಶಾಖವೂ ಒಂದೇ. ವೈಶಾಖದಲ್ಲಿ ಬಿಡುವಿಲ್ಲದಷ್ಟು ಕೆಲಸವಿದ್ದವರೂ ಎರಡು ತಿಂಗಳ ಬಳಿಕ ಕಂತು ಕಟ್ಟಲು ಕೈಗಡ ಕೇಳುವುದು ಈ ವೃತ್ತಿಯಲ್ಲಿ ಅಪರೂಪದ ದೃಶ್ಯವಲ್ಲ.

ನಿಮ್ಮ ಬಳಿ ಇರುವ ಹಣಕ್ಕೆ ಹೊಚ್ಚಹೊಸ ಕ್ಯಾಮೆರಾ ಒಂದರ ಬದಲು ಚೆನ್ನಾಗಿ ಕೆಲಸ ಮಾಡುವ ಹಳೆಯ ಬಾಡಿಗಳು (ಲೆನ್ಸ್ ಹೊರತಾದ ಕ್ಯಾಮೆರಾ) ಎರಡು ಬರುವುದಾದರೆ ಎರಡನ್ನೇ ಕೊಳ್ಳಿ. ಒಂದು ಕೈಕೊಟ್ಟಾಗ ಮದುವೆಮನೆಯವರು ನಿಮಗಾಗಿ ಕಾಯಲಾರರು. ಎರಡು ಮೆಮೊರಿ ಕಾರ್ಡ್‌ಗಳಿಗೆ ಏಕಕಾಲದಲ್ಲಿ ಬರೆಯುವ ಸೌಲಭ್ಯವಿಲ್ಲದ ಬಾಡಿಯನ್ನು, ಅದರ ಉಳಿದ ಗುಣಗಳು ಎಷ್ಟೇ ಆಕರ್ಷಕವಾಗಿದ್ದರೂ, ಮದುವೆಗೆ ಒಯ್ಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ವರ್ಷಕ್ಕೆ ಕೆಲವೇ ದಿನ ಬೇಕಾಗುವ 70-200 ಎಂಎಂನಂತಹ, ದೂರದ್ದನ್ನು ಹತ್ತಿರ ತೋರಿಸುವ ದುಬಾರಿ ಲೆನ್ಸ್‌ಗಳನ್ನು ಬಾಡಿಗೆಗೆ ತಂದು, ಆ ಬಾಡಿಗೆಯನ್ನು ನಿಮ್ಮ ದರದಲ್ಲಿ ಮೊದಲೇ ಸೇರಿಸಿಕೊಳ್ಳಿ.

ಉಳಿದ ಹಣ ಹಾರ್ಡ್ ಡಿಸ್ಕ್‌ಗಳಿಗೆ ಮೀಸಲಾಗಲಿ. ಚಿತ್ರಗಳ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಪ್ರತಿ ಬೇರೊಂದು ಕಟ್ಟಡದಲ್ಲಿರಬೇಕು. ಈ ಹಳೆಯ ನಿಯಮ ಪಾಲಿಸಲು ಬೇಸರವೆನಿಸಿದರೂ ಇದನ್ನು ಬಿಡುವಂತಿಲ್ಲ. ಮೂರು ಪ್ರತಿಗಳೂ ಸರಿಯಾಗಿ ತೆರೆದುಕೊಳ್ಳುತ್ತವೆಂದು ಕಣ್ಣಾರೆ ನೋಡುವವರೆಗೆ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡಿ.

ಇನ್ನೊಂದು ಮಾತು: ಸೇವೆಯಿಂದ ಬರುವ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಇಲ್ಲಿ ಲೆಕ್ಕಕ್ಕೆ ಬರುವುದು ನಿಮ್ಮ ಲಾಭವಲ್ಲ, ಗ್ರಾಹಕರಿಂದ ಪಡೆದ ಒಟ್ಟು ಮೊತ್ತ. ವಿಡಿಯೊದವರಿಗೂ ಆಲ್ಬಂ ಮುದ್ರಿಸುವವರಿಗೂ ನಿಮ್ಮ ಕೈಯಿಂದಲೇ ಹಣ ದಾಟಿ ಹೋಗುವುದಾದರೆ ಈ ಮಿತಿ ನೀವೆಣಿಸಿದ್ದಕ್ಕಿಂತ ಬೇಗ ಹತ್ತಿರವಾಗುತ್ತದೆ.

ಪ್ರಶ್ನೆ: ಮಾಂಗಲ್ಯಧಾರಣೆಯ ಹೊತ್ತಿಗೆ ಎಲ್ಲರೂ ಮೊಬೈಲ್ ಹಿಡಿದು ಎದುರಿಗೆ ನುಗ್ಗುತ್ತಾರೆ. ಚಿತ್ರದಲ್ಲಿ ಕೈಗಳೇ ತುಂಬಿರುತ್ತವೆ. ಹೊಗೆ, ಬಣ್ಣದ ಲೈಟುಗಳು ಬೇರೆ. ಏನು ಮಾಡಬಹುದು?
– ಓದುಗರು, ತೀರ್ಥಹಳ್ಳಿ

ಉತ್ತರ: ಈ ಪ್ರಶ್ನೆಗೆ ವಿಸ್ತಾರವಾಗಿ ಉತ್ತರಿಸಬೇಕು, ಏಕೆಂದರೆ ಮದುವೆಯ ಛಾಯಾಗ್ರಾಹಕ ಪಡೆಯುವ ಹಣದಲ್ಲಿ ದೊಡ್ಡ ಪಾಲು ಈ ಕೆಲವು ನಿಮಿಷಗಳಿಗೇ ಸಲ್ಲುತ್ತದೆ.

ಹಿಂದಿನ ಸಂಜೆಯೇ, ಆಗದಿದ್ದರೆ ಬೆಳಗಿನ ತಿಂಡಿಗೆ ಮುನ್ನ, ಪುರೋಹಿತರನ್ನು ಕಂಡು ಮಾತನಾಡಿ. ಅಂತರಪಟ ಸರಿಸುವುದು, ಜೀರಿಗೆ ಬೆಲ್ಲ, ಹಾರ ಬದಲಾಯಿಸುವುದು, ಧಾರೆ, ಮಾಂಗಲ್ಯ ಇವುಗಳ ಕ್ರಮವೂ ರೀತಿಯೂ ಮನೆತನದಿಂದ ಮನೆತನಕ್ಕೆ ಬದಲಾಗುತ್ತವೆ. ಲಿಂಗಾಯತರ ಮದುವೆಯ ಕ್ರಮವೇ ಬೇರೆ. ಕೊಡವರ ಮದುವೆಯಲ್ಲಿ ಪುರೋಹಿತರೇ ಇರುವುದಿಲ್ಲ. ಅಲ್ಲಿ ಬಾಳೆ ಕಡಿಯುವುದನ್ನೂ, ನೀರು ಹೊತ್ತು ಬರುವ ವಧುವಿನ ದಾರಿಗೆ ಅಡ್ಡಲಾಗಿ ವರನ ಕಡೆಯವರು ಕುಣಿಯುವುದನ್ನೂ ತಪ್ಪಿಸಿಕೊಂಡವರು ಮದುವೆಯ ಸೊಗಸನ್ನೇ ಕಳೆದುಕೊಂಡಂತೆ. ನಿಮಗೆ ಪರಿಚಯವಿಲ್ಲದ ಪದ್ಧತಿಯಾದರೆ ಆ ಮನೆಯ ಹಿರಿಯರೊಬ್ಬರನ್ನು ಕೇಳಿ, ಕ್ರಮವನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ.

ಪುರೋಹಿತರು ಓಲಗದವರತ್ತ ಕೈ ಮಾಡಿದರೆ ಗಟ್ಟಿಮೇಳ ಶುರುವಾಗುತ್ತದೆ. ಗಟ್ಟಿಮೇಳ ಕೇಳಿದ ಮೇಲೆ ಜಾಗ ಹುಡುಕಲು ಹೊರಟವರಿಗೆ ತಾಳಿಯ ಚಿತ್ರ ಸಿಗುವುದಿಲ್ಲ. ಅದಕ್ಕೆ ಬಹಳ ಮುಂಚೆಯೇ ನೀವು ಮಂಟಪದ ಒಂದು ಮೂಲೆಯಲ್ಲಿ ಗಿಡ್ಡ ಸ್ಟೂಲಿನ ಮೇಲೆ, ವಧುವಿನ ಮುಖ ಮತ್ತು ವರನ ಕೈಗಳು ಒಟ್ಟಿಗೆ ಕಾಣುವ ಕಡೆ ನಿಂತಿರಬೇಕು. ವಿಡಿಯೊದವರೊಡನೆ ಜಾಗದ ಹಂಚಿಕೆಯೂ ಆಗಿರಬೇಕು. ಅವರ ಲೈಟು ನಿಮ್ಮ ಎದುರಿನಿಂದ ಬಂದರೆ ಇಬ್ಬರ ಕೆಲಸವೂ ಕೆಡುತ್ತದೆ.

ನೆಂಟರ ಮೊಬೈಲುಗಳ ವಿಷಯದಲ್ಲಿ ನೀವು ಗದರಿದರೆ ಪ್ರಯೋಜನವಿಲ್ಲ, ಮನಸ್ತಾಪವಷ್ಟೇ ಉಳಿಯುತ್ತದೆ. ವಧುವಿನ ಸೋದರಮಾವನಂತಹ, ಎಲ್ಲರೂ ಮಾತು ಕೇಳುವ ಒಬ್ಬರನ್ನು ಮೊದಲೇ ಒಪ್ಪಿಸಿ, ಎದುರಿನ ಸಾಲಿನವರು ಕುಳಿತೇ ಇರಬೇಕೆಂದು ಅವರಿಂದಲೇ ಹೇಳಿಸಿ. ಅಷ್ಟಾದರೂ ನಾಲ್ಕಾರು ಕೈಗಳು ಮೇಲೇಳುತ್ತವೆ. ಏಳಲಿ, ಅವರೂ ಆ ಮದುವೆಯ ಬಂಧುಗಳೇ. ನೀವು ಮಂಟಪದ ಮೇಲೆ, ಹತ್ತಿರದಲ್ಲಿ, 35 ಎಂಎಂ ಆಸುಪಾಸಿನ, ಅಗಲ ನೋಟದ ಲೆನ್ಸ್ ಹಿಡಿದಿದ್ದರೆ ಆ ಕೈಗಳು ನಿಮ್ಮ ಬೆನ್ನ ಹಿಂದೆಯೇ ಉಳಿಯುತ್ತವೆ.

ಇನ್ನು ಬೆಳಕು. ಕ್ಯಾಮೆರಾದ ಮೇಲಿನ ಫ್ಲ್ಯಾಷ್ ನೇರವಾಗಿ ಹೊಡೆದರೆ ಹೋಮದ ಹೊಗೆ ಬಿಳಿಯ ಪರದೆಯಾಗುತ್ತದೆ, ಲೆನ್ಸಿನ ಸಮೀಪ ಹಾರುವ ಅಕ್ಷತೆ ಕಾಳುಗಳು ಬಿಳಿಯ ಮಚ್ಚೆಗಳಾಗುತ್ತವೆ. ಫ್ಲ್ಯಾಷನ್ನು ಛಾವಣಿಗೆ ಹೊಡೆದು ಬೆಳಕು ಅಲ್ಲಿಂದ ಮರಳುವಂತೆ ಬೌನ್ಸ್ ಮಾಡೋಣವೆಂದರೆ ನಮ್ಮ ಕಲ್ಯಾಣ ಮಂಟಪಗಳ ಛಾವಣಿ ಬಹಳ ಎತ್ತರ, ಬಣ್ಣ ಬಳಿದಿದ್ದರೆ ಆ ಬಣ್ಣವೆಲ್ಲ ವಧುವಿನ ಮುಖಕ್ಕೆ ಇಳಿಯುತ್ತದೆ. ಆದ್ದರಿಂದ ಸ್ಟ್ಯಾಂಡಿನ ಮೇಲಿಟ್ಟ ಫ್ಲ್ಯಾಷ್ ಪಕ್ಕದಿಂದ ಬರುವುದೇ ಲೇಸು. ಎಲ್‌ಇಡಿ ದೀಪಗಳ ಕೆಳಗೆ ಚಿತ್ರದಲ್ಲಿ ಅಡ್ಡಪಟ್ಟಿಗಳು ಬೀಳುವುದಕ್ಕೆ ದೀಪದ ಮಿನುಗುವಿಕೆ ಕಾರಣ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಅಗ್ಗದ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಶಟರ್ ವೇಗ 1/100 ಅಥವಾ 1/50 ಸೆಕೆಂಡು ಇದ್ದರೆ ಪಟ್ಟಿಗಳು ಬಹುಮಟ್ಟಿಗೆ ಹೋಗುತ್ತವೆ. ವೇದಿಕೆಯ ಹಿಂದಿನ ಎಲ್‌ಇಡಿ ಪರದೆಗಳಿಗೆ ಈ ಲೆಕ್ಕ ಹೊಂದುವುದಿಲ್ಲವಾದ್ದರಿಂದ ಮಂಟಪದಲ್ಲಿ ಜನ ಸೇರುವ ಮುನ್ನವೇ ಪರೀಕ್ಷಿಸಿಕೊಳ್ಳಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಈ ತೊಂದರೆ ಹೆಚ್ಚಾಗುತ್ತದೆ. ಓಲಗದ ಸದ್ದಿನ ನಡುವೆ ಮೌನದ ಶಟರ್‌ನ ಅಗತ್ಯವಾದರೂ ಏನಿದೆ?

ಒಂದನ್ನು ಮಾತ್ರ ಮಾಡಬೇಡಿ. ಚಿತ್ರ ಸರಿಬರಲಿಲ್ಲವೆಂದು ಶಾಸ್ತ್ರ ನಿಲ್ಲಿಸಿ, ವರನನ್ನು ಕ್ಯಾಮೆರಾ ಕಡೆ ತಿರುಗಿಸಿ, ತಾಳಿ ಹಿಡಿದಂತೆ ಮತ್ತೊಮ್ಮೆ ನಟಿಸಲು ಹೇಳುವ ಅಭ್ಯಾಸ ಕೆಲವರಲ್ಲಿದೆ. ಮನೆಯವರು ಸೌಜನ್ಯಕ್ಕೆ ಸುಮ್ಮನಿದ್ದರೂ ಅದು ಅವರಿಗೆ ನೋವುಂಟುಮಾಡುವ ಸಂಗತಿ.

ಪ್ರಶ್ನೆ: ಮಗಳ ಮದುವೆಯ ಚಿತ್ರಗಳನ್ನು ಫೋಟೊಗ್ರಾಫರ್ ನಮ್ಮನ್ನು ಕೇಳದೆ ತಮ್ಮ ಜಾಹೀರಾತಿಗೆ ಬಳಸಿದ್ದಾರೆ. ವಿಚಾರಿಸಿದರೆ, ‘ತೆಗೆದವನು ನಾನು, ಹಕ್ಕು ನನ್ನದು’ ಎನ್ನುತ್ತಾರೆ. ಇದು ನಿಜವೇ?
– ಗೃಹಿಣಿ, ಬೆಂಗಳೂರು

ಉತ್ತರ: ನಿಮ್ಮ ನಡುವೆ ಬೇರೆ ಒಪ್ಪಂದವಾಗಿರದಿದ್ದರೆ ನಿಜವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಛಾಯಾಚಿತ್ರಕ್ಕೆ ಅದನ್ನು ತೆಗೆದವರೇ ಹಕ್ಕುದಾರರೆಂಬುದು ಸಾಮಾನ್ಯ ನಿಯಮವಾದರೂ, ಹಣ ಕೊಟ್ಟು ಒಬ್ಬರ ಕೋರಿಕೆಯ ಮೇರೆಗೆ ತೆಗೆಸಿದ ಛಾಯಾಚಿತ್ರಕ್ಕೆ, ವಿರುದ್ಧವಾದ ಒಪ್ಪಂದವಿಲ್ಲದಿದ್ದಲ್ಲಿ, ತೆಗೆಸಿದವರೇ ಮೊದಲ ಹಕ್ಕುದಾರರು. ಬೇರೆ ಕೆಲವು ದೇಶಗಳಲ್ಲಿ ನಿಯಮ ಹೀಗಿಲ್ಲ. ಅಲ್ಲಿನವರು ಬರೆದದ್ದನ್ನು ಅಂತರ್ಜಾಲದಲ್ಲಿ ಓದಿ ನಮ್ಮ ವೃತ್ತಿಯವರಲ್ಲಿ ಅನೇಕರು ಇಲ್ಲಿಯೂ ಹಾಗೆಯೇ ಎಂದು ನಂಬಿದ್ದಾರೆ. ಚಿತ್ರ ತೆಗೆದವರೆಂಬ ಹೆಸರನ್ನು ಪಡೆಯುವ ವಿಶೇಷ ಹಕ್ಕು ಛಾಯಾಗ್ರಾಹಕರಿಗಿದೆ. ಅದು ಜಾಹೀರಾತಿಗೆ ಬಳಸುವ ಹಕ್ಕಲ್ಲ.

ಆದ್ದರಿಂದ ಮೊದಲು, ಮುಂಗಡ ಕೊಡುವಾಗ ನೀವು ಸಹಿ ಹಾಕಿದ ಕಾಗದವೇನಾದರೂ ಇದೆಯೇ ಎಂದು ನೋಡಿ. ಪ್ರಚಾರಕ್ಕೆ ಬಳಸಬಹುದೆಂಬ ಸಾಲು ಅದರಲ್ಲಿದ್ದರೆ ಅವರ ಕಡೆಯೂ ನ್ಯಾಯವಿದೆ. ಇಲ್ಲದಿದ್ದರೆ ಚಿತ್ರಗಳನ್ನು ತೆಗೆದುಹಾಕಬೇಕೆಂದು ಬರವಣಿಗೆಯಲ್ಲಿ ಕೇಳಿ; ಹೆಚ್ಚಿನವರು ಅಷ್ಟಕ್ಕೇ ತೆಗೆಯುತ್ತಾರೆ.

ಇದನ್ನು ಓದುತ್ತಿರುವ ಛಾಯಾಗ್ರಾಹಕರಿಗೂ ಹೇಳಬೇಕಾದದ್ದಿದೆ. ನಿಮ್ಮ ಚಿತ್ರಗಳನ್ನು ತೋರಿಸದೆ ನಿಮಗೆ ಮುಂದಿನ ಕೆಲಸ ಸಿಗುವುದಿಲ್ಲವೆಂಬುದು ನಿಜ. ಅದಕ್ಕಾಗಿಯೇ, ಆರ್ಡರ್ ಒಪ್ಪಿಕೊಳ್ಳುವ ದಿನವೇ, ಯಾವ ಚಿತ್ರಗಳನ್ನು ಎಲ್ಲಿ ತೋರಿಸಬಹುದೆಂದು ಬರೆಸಿಕೊಳ್ಳಿ. ಅನುಮತಿ ಬರವಣಿಗೆಯಲ್ಲಿದ್ದರೆ ಮಾತ್ರ ಕಾನೂನಿನ ಮುಂದೆ ನಿಲ್ಲುತ್ತದೆ. ಮಕ್ಕಳ ಚಿತ್ರಗಳಿಗೂ, ಅರಿಸಿನ ಶಾಸ್ತ್ರದಂತಹ ಖಾಸಗಿ ಕ್ಷಣಗಳಿಗೂ ಪ್ರತ್ಯೇಕವಾಗಿ ಕೇಳಬೇಕು. ರಾ ಫೈಲುಗಳನ್ನು (ಕ್ಯಾಮೆರಾದಿಂದ ಬಂದ, ತಿದ್ದದ ಮೂಲ ಕಡತಗಳನ್ನು) ಕೊಡುವಿರೋ ಇಲ್ಲವೋ ಎಂಬುದೂ ಅದೇ ಕಾಗದದಲ್ಲಿರಲಿ.

ಪ್ರಶ್ನೆ: ಬಂಧುಗಳ ಮದುವೆಗೆ ಕಡಿಮೆ ದರಕ್ಕೆ ಒಪ್ಪಿಕೊಂಡೆ. ಆಲ್ಬಂಗೆ ಫೋಟೊ ಆಯ್ಕೆ ಮಾಡಿಕೊಡದೆ ತಿಂಗಳುಗಟ್ಟಲೆ ಎಳೆಯುತ್ತಿದ್ದಾರೆ, ಬಾಕಿ ಹಣವೂ ಬಂದಿಲ್ಲ. ಕೇಳಲು ಸಂಕೋಚ.
– ಓದುಗರು, ಹುಬ್ಬಳ್ಳಿ

ಉತ್ತರ: ಮದುವೆ ಮುಗಿದ ಮೇಲೆ ಆ ಮನೆಯಲ್ಲಿ ಹಣವೂ ಇರುವುದಿಲ್ಲ, ಉತ್ಸಾಹವೂ ಇರುವುದಿಲ್ಲ. ಸಾವಿರಾರು ಚಿತ್ರಗಳಿರುವ ಪೆನ್‌ಡ್ರೈವ್ ಕೊಟ್ಟು ನೂರೈವತ್ತು ಆರಿಸಿ ಎಂದರೆ ಯಾರಿಗೂ ಕೈ ಓಡದು. ನೀವೇ ಚಿತ್ರಗಳನ್ನು ಆರಿಸಿ, ಆಲ್ಬಂನ ಹಾಳೆಗಳನ್ನು ಜೋಡಿಸಿ ತೋರಿಸಿ, ‘ಬೇಡವಾದದ್ದನ್ನು ಹೇಳಿ’ ಎಂದು ಕೇಳಿ ನೋಡಿ. ಕೆಲಸ ಒಂದು ವಾರದಲ್ಲಿ ಮುಗಿಯುತ್ತದೆ. ಅತ್ತೆ ಮಾವಂದಿರ ಕಡೆಯವರೆಲ್ಲರೂ ಒಂದಾದರೂ ಹಾಳೆಯಲ್ಲಿದ್ದಾರೆಂದು ಖಚಿತಪಡಿಸಿಕೊಳ್ಳಿ. ಆಲ್ಬಂ ವಾಪಸು ಬರುವುದು ಬಣ್ಣ ಕೆಟ್ಟಿತೆಂಬುದಕ್ಕಿಂತ ಹೆಚ್ಚಾಗಿ ದೊಡ್ಡಮ್ಮ ಕಾಣಿಸಲಿಲ್ಲವೆಂಬ ಕಾರಣಕ್ಕೆ.

ಮುಂದಿನ ಸಲ ಹಣವನ್ನು ಮೂರು ಕಂತುಗಳಾಗಿ ಹೇಳಿ: ದಿನ ಗೊತ್ತು ಮಾಡುವಾಗ ಒಂದು, ಮದುವೆಯ ಹಿಂದಿನ ದಿನದೊಳಗೆ ದೊಡ್ಡ ಪಾಲು, ಆಲ್ಬಂ ಮುದ್ರಣಕ್ಕೆ ಹೋಗುವ ಮುನ್ನ ಉಳಿದದ್ದು. ಬಂಧುಗಳಿಗೆ ರಿಯಾಯಿತಿ ಕೊಡಬೇಕೆನಿಸಿದರೆ ಪೂರ್ತಿ ದರವನ್ನು ಬರೆದು, ಅದರ ಕೆಳಗೆ ರಿಯಾಯಿತಿಯನ್ನು ಬೇರೆಯಾಗಿ ಕಾಣಿಸಿ. ಹಾಗೆ ಮಾಡದಿದ್ದರೆ ಅವರು ಹತ್ತು ಜನರಿಗೆ ಹೇಳುವುದು ಆ ಕಡಿಮೆ ದರವನ್ನೇ.

ಪ್ರಶ್ನೆ: ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಬರುತ್ತದೆ. ಅಕ್ಕಿ ಡಬ್ಬಿಯಲ್ಲಿಟ್ಟರೆ ಆದೀತೇ?
– ಓದುಗರು, ಶಿರಸಿ

ಉತ್ತರ: ಅಕ್ಕಿಯ ಹುಡಿ ಲೆನ್ಸಿನ ಸಂದುಗಳಿಗೆ ಸೇರುತ್ತದೆ, ಬೇಡ. ನಿಮ್ಮ ಕಡೆಯ ಮಳೆಗಾಲದ ತೇವಾಂಶದಲ್ಲಿ ಶಿಲೀಂಧ್ರ ಸುಲಭವಾಗಿ ಬೆಳೆಯುತ್ತದೆ, ಅದು ಹೊರಸೂಸುವ ಆಮ್ಲ ಗಾಜಿನ ಲೇಪನವನ್ನು ತಿನ್ನುತ್ತದೆ. ಒಮ್ಮೆ ಲೇಪನ ಹೋದರೆ ಸ್ವಚ್ಛಗೊಳಿಸಿದರೂ ಕಲೆ ಉಳಿಯುತ್ತದೆ. ತೇವಾಂಶವನ್ನು ಶೇ. 40ರಿಂದ 50ರೊಳಗೆ ಇಡುವ ಡ್ರೈ ಕ್ಯಾಬಿನೆಟ್ ಒಳ್ಳೆಯದು. ಅದು ದುಬಾರಿಯೆನಿಸಿದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ಲನ್ನೂ ಚಿಕ್ಕದೊಂದು ತೇವಾಂಶಮಾಪಕವನ್ನೂ ಇಡಿ; ಹರಳುಗಳ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿಕೊಳ್ಳಬಹುದು. ಕ್ಯಾಮೆರಾ ಚೀಲದಲ್ಲೇ ತಿಂಗಳುಗಟ್ಟಲೆ ಇಡುವುದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಚೀಲದ ಸ್ಪಂಜೇ ತೇವವನ್ನು ಹಿಡಿದಿಡುತ್ತದೆ. ಆಷಾಢದಲ್ಲಿ ಕೆಲಸವಿಲ್ಲದಿದ್ದರೂ ವಾರಕ್ಕೊಮ್ಮೆ ಲೆನ್ಸನ್ನು ಹೊರತೆಗೆದು ಬಳಸಿ.

ಪ್ರಶ್ನೆ: ಮದುವೆಗಳನ್ನು ಬಿಟ್ಟು, ನನ್ನ ಇಷ್ಟದ ಚಿತ್ರಗಳಿಂದಲೇ ಬದುಕಲು ಸಾಧ್ಯವೇ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ನಿಮ್ಮ ಊರಿನವರೇ ಆದ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರ ದಿನನಿತ್ಯದ ಬದುಕನ್ನೇ ಚಿತ್ರಿಸಿ ದೇಶ ವಿದೇಶಗಳ ಪತ್ರಿಕೆಗಳಲ್ಲಿ ಹೆಸರಾದವರು. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದರೆ ಅವರ ಕಾಲದ ಸಚಿತ್ರ ವಾರಪತ್ರಿಕೆಗಳು ಚಿತ್ರಗಳಿಗೆ ಕೊಡುತ್ತಿದ್ದ ಜಾಗ ಈಗ ಉಳಿದಿಲ್ಲ. ಮದುವೆ, ಉತ್ಪನ್ನ, ಕಟ್ಟಡ ಇವುಗಳಲ್ಲಿ ಒಂದನ್ನು ಹೊಟ್ಟೆಪಾಡಿಗೆ ಇಟ್ಟುಕೊಂಡು, ಖಾಲಿ ತಿಂಗಳುಗಳಲ್ಲಿ ನಿಮ್ಮ ಚಿತ್ರಗಳಿಗೆ ಹೊರಡಿ ಎಂದೇ ನಾನು ಹೇಳುತ್ತೇನೆ.

ಪ್ರಶ್ನೆ: ಮದುವೆಯವರು ಡ್ರೋನ್ ಬೇಕೇ ಬೇಕು ಎನ್ನುತ್ತಾರೆ. ಅನುಮತಿ ಬೇಕೇ?
– ಓದುಗರು, ಮಂಗಳೂರು

ಉತ್ತರ: 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂಗಿಂತ ಹೆಚ್ಚು ತೂಕದ ಡ್ರೋನನ್ನು ಸಂಪಾದನೆಗಾಗಿ ಹಾರಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಅದನ್ನು ಪಡೆಯಲು ಹತ್ತನೇ ತರಗತಿ ಪಾಸಾಗಿದ್ದು, 18 ವರ್ಷ ತುಂಬಿರಬೇಕು. ಡ್ರೋನ್ ಹಾರಾಟದ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಮಂಟಪವಿರುವ ಜಾಗ ಹಸಿರು ವಲಯದಲ್ಲಿದೆಯೇ ಎಂದು ಮುಂಗಡ ಪಡೆಯುವ ಮುನ್ನವೇ ನೋಡಿ. ಹಳದಿ ವಲಯವಾದರೆ ವಾಯು ಸಂಚಾರ ನಿಯಂತ್ರಕರ ಅನುಮತಿ, ಕೆಂಪು ವಲಯವಾದರೆ ಕೇಂದ್ರ ಸರ್ಕಾರದ ಅನುಮತಿ ಅಗತ್ಯ. ವಿಮಾನ ನಿಲ್ದಾಣದ ಸುತ್ತಮುತ್ತ ಹಳದಿ, ಕೆಂಪು ವಲಯಗಳೇ ಇರುವುದರಿಂದ, ನಿಲ್ದಾಣಕ್ಕೆ ಸಮೀಪದ ಮಂಟಪವಾದರೆ ಡ್ರೋನ್ ಆಗದೆಂದು ಮೊದಲ ಮಾತುಕತೆಯಲ್ಲೇ ತಿಳಿಸಿ, ದರಪಟ್ಟಿಯಿಂದ ಆ ಸಾಲನ್ನು ತೆಗೆದುಬಿಡಿ.