ದುಬೈಗೆ ಹೊರಟಿದ್ದೇನೆ, ಹಿಂದೂಗಳಷ್ಟೇ ಇರುವ ರೂಮ್ ಹುಡುಕಬೇಕಾ?

ಇದನ್ನು ಕೇಳಿದ ನೀವು ಮಂಜೇಶ್ವರದವರು ಅಂತ ಓದಿ ನಗು ಬಂತು. ನಾನು ಅಲ್ಲೇ ಹತ್ತಿರದ ಕುಂಬಳೆಯವ. ದೇವರ ಫೋಟೋ ಇಡಬಹುದಾ, ರಂಜಾನ್‌ನಲ್ಲಿ ಊಟಕ್ಕೆ ಎಂತ ಮಾಡುವುದು ಅಂತ ಹೆದರಿ ನಾನೂ ದುಬೈ ಪಕ್ಕದ ಶಾರ್ಜಾದ ರೋಲಾದಲ್ಲಿ 'ನಮ್ಮವರದ್ದೇ' ಬೆಡ್‌ಸ್ಪೇಸ್, ಅಂದರೆ ಹಂಚಿಕೊಂಡ ರೂಮಿನಲ್ಲಿ ಒಂದು ಮಂಚ, ಹಿಡಿದಿದ್ದೆ. ದುಬೈ ದೇರಾದಲ್ಲಿ, ಆಫೀಸಿಗೆ ನಡೆದು ಹೋಗುವಷ್ಟು ಹತ್ತಿರ, ನಮ್ಮೂರ ಕಡೆಯ ಮುಸ್ಲಿಮರಾದ ಉಪ್ಪಳದ ಬ್ಯಾರಿಗಳ ರೂಮಿನಲ್ಲಿ ಒಂದು ಮಂಚ ಖಾಲಿ ಇತ್ತು. ಅವರೇ ಕರೆದರು. ಬೇಡ ಅಂದೆ.

ಆ 'ಬೇಡ'ಕ್ಕೆ ಎಷ್ಟು ಬಿತ್ತು ಹೇಳ್ತೇನೆ. ಶಾರ್ಜಾಕ್ಕೆ ಮೆಟ್ರೋ ಇಲ್ಲ. ಬೆಳಗ್ಗೆ ಅಲ್ ಇತ್ತಿಹಾದ್ ರಸ್ತೆಯಲ್ಲಿ ಬಸ್ಸು ಆಮೆಗಿಂತ ನಿಧಾನ. ಬಾಡಿಗೆ ಕಡಿಮೆ ಅಂತ ಲೆಕ್ಕ ಹಾಕಿದವನು ಬಸ್ ಚಾರ್ಜ್ ಸೇರಿಸಿರಲಿಲ್ಲ. ತಡವಾದ ದಿನದ ಟ್ಯಾಕ್ಸಿ ಸೇರಿಸಿರಲಿಲ್ಲ. ಟ್ಯಾಕ್ಸಿ ಗಡಿ ದಾಟಿದ್ದಕ್ಕೇ ಬೇರೆ ದುಡ್ಡು ಅಂತ ಗೊತ್ತೇ ಇರಲಿಲ್ಲ. ಪ್ರೊಬೇಷನ್ ಮುಗಿದ ಮೇಲೆ ಸಂಬಳ ಏರಿಸುವ ಮಾತಿತ್ತು. ಮ್ಯಾನೇಜರ್ ಲೇಟ್ ಪಟ್ಟಿ ಮುಂದೆ ಹಿಡಿದ, ಕತೆ ಮುಗಿಯಿತು. ಇಷ್ಟೆಲ್ಲ ಕಳೆದುಕೊಂಡು ದೀಪ ಹಚ್ಚಿದೆನಾ? ಇಲ್ಲ. ಊದುಬತ್ತಿ ಹಚ್ಚಿದರೆ ಅಲಾರಾಂ ಹೊಡೆಯುತ್ತದೆ ಅಂತ 'ನಮ್ಮವರೇ' ಬಿಡಲಿಲ್ಲ. ಶಾರ್ಜಾದಲ್ಲಿ ಮದ್ಯ ಪೂರ್ತಿ ನಿಷೇಧ. ನಮ್ಮ ರೂಮಿನ ಮಂಚದಡಿ ಮಾತ್ರ ಸ್ಟಾಕ್ ಇತ್ತು. ಪೊಲೀಸ್ ಬಂದಿದ್ದರೆ ಕುಡಿಯದ ನಾನೂ ಒಳಗೆ.

ಕೊನೆಗೆ ದೇರಾದವರನ್ನೇ ಕೇಳಿ ಹೋದೆ. ಮಧೂರು ಗಣಪತಿಯ ಫೋಟೋ ಕಪಾಟಿನ ಮೇಲಿಟ್ಟೆ. ನಮಾಜಿಗೆ ನಿಂತರೆ ಎದುರಿಗೇ ಬರುತ್ತದೆ, ಈಚೆ ಗೋಡೆಗೆ ಇಡ್ತೀರಾ ಅಂತ ರೂಮಿನ ಹಿರಿಯರು ತುಳುವಿನಲ್ಲಿ ಕೇಳಿದರು. ಸರಿಸಿದೆ. ಅವರೇ ಮೊಳೆ ಹೊಡೆದುಕೊಟ್ಟರು. ನಮ್ಮ ರೂಮಿನ ಧಾರ್ಮಿಕ ಸಂಘರ್ಷ ಅಷ್ಟೇ. ರಂಜಾನ್‌ನಲ್ಲಿ ಸಹರಿಗೆ, ಅಂದರೆ ಬೆಳಗಾಗುವ ಮೊದಲಿನ ಊಟಕ್ಕೆ, ಅಲಾರಾಂ ಹೊಡೆದಾಗ ನಿದ್ದೆ ಕೆಡುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ತಿಂಗಳು ದಿನಕ್ಕೆ ಎರಡು ಗಂಟೆ ಕೆಲಸ ಕಡಿಮೆ, ಉಪವಾಸ ಇಲ್ಲದವರಿಗೂ ಕಾನೂನು ಪ್ರಕಾರ ಸಿಗುತ್ತದೆ, ಕೇಳಿ ಪಡೆಯಿರಿ. ಮಧ್ಯಾಹ್ನದ ಊಟ ಪ್ಯಾಂಟ್ರಿಯಲ್ಲಿ ಮಾಡಿ, ಉಪವಾಸ ಇರುವವರ ಎದುರು ಟಿಫಿನ್ ಬಿಚ್ಚಬೇಡಿ. ಸಂಜೆ ನೆಲಕ್ಕೆ ಪೇಪರ್ ಹಾಸಿ ಖರ್ಜೂರ, ಸಮೋಸ, ವಿಮ್ಟೊ ಶರಬತ್ತು ಇಟ್ಟು ಕರೆದರೆ ಬಿಗುಮಾನ ಮಾಡದೆ ಕೂತುಕೊಳ್ಳಿ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು. ಉದ್ಯಾವರದ 'ಮಾಡ' ಅನ್ನುವ ದೈವಸ್ಥಾನದ ಜಾತ್ರೆಗೆ 'ಸಾವಿರ ಜಮಾಅತ್' ಅನ್ನುವ ಮಸೀದಿಗೆ ಹೋಗಿ ಆಮಂತ್ರಣ ಕೊಡುವ ಊರಿನವರು ನೀವು! ಒಂದು ಬಾತ್‌ರೂಮಿಗೆ ಎಷ್ಟು ಜನ, ಮೆಟ್ರೋ ಎಷ್ಟು ದೂರ ಅಂತ ಕೇಳಿ. ದೇವಸ್ಥಾನಕ್ಕೂ ಬರವಿಲ್ಲ. ಬರ್ ದುಬೈಯ ಹಳೇ ಶಿವಮಂದಿರ 2024ರ ಜನವರಿಯಲ್ಲಿ ಜೆಬೆಲ್ ಅಲಿಗೆ ಹೋಯಿತು. ಅಲ್ಲಿಯ ದೊಡ್ಡ ಮಂದಿರ 2022ರ ದಸರಾಕ್ಕೇ ತೆರೆದಿತ್ತು. 2021ರವರೆಗೆ ವಾರದ ರಜೆ ಶುಕ್ರವಾರ ಇತ್ತಲ್ಲ, ಆಗ ನಮ್ಮ ದೇವರಿಗೂ ಶುಕ್ರವಾರವೇ ರಶ್.

ಹೆದರಬೇಕಾದ್ದು ರೂಮಿಗಲ್ಲ, ಕೈಯಲ್ಲಿರುವ ಫೋನಿಗೆ. ಯಾವ ಧರ್ಮವನ್ನು ಹೀಯಾಳಿಸಿದರೂ ಜೈಲು ಅಂತ 2015ರಲ್ಲೇ ಅಲ್ಲಿ ಕಾನೂನು ಬಂದಿದೆ. ಊರಿನ ವಾಟ್ಸಾಪ್ ಗ್ರೂಪಿನಿಂದ ಬಂದದ್ದನ್ನು ಫಾರ್ವರ್ಡ್ ಮಾಡಿ ಕೆಲಸ ಕಳೆದುಕೊಂಡು ವಾಪಸ್ ಬಂದವರಿದ್ದಾರೆ. ವಿಮಾನ ಹತ್ತುವ ಮೊದಲೇ ಅಂಥ ಗ್ರೂಪ್‌ಗಳಿಂದ ಹೊರಬನ್ನಿ.

ಹಾಂ, ಪಾಯಸಕ್ಕೆ ಅಂತ ಅಮ್ಮ ಗಸಗಸೆ ಕಟ್ಟಿಕೊಟ್ಟರೆ ಮನೆಯಲ್ಲೇ ಬಿಟ್ಟು ಹೋಗಿ. ಅಲ್ಲಿ ಅದು ನಿಷೇಧ.