ಓದುಗರ ಪ್ರಶ್ನೆ, ನಮ್ಮ ಉತ್ತರ: ವಾಗ್ದಾನದ ಕಾರ್ಡು, ಪುಸ್ತಕದ ಪ್ರಾರ್ಥನೆ, ಸುಗ್ಗಿಹಬ್ಬದ ಸವಾಲು

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಪ್ರಾರ್ಥನೆಯ ಕುರಿತಾದವು. ಬರೆದವರು ಹೆಸರು ಬೇಡವೆಂದು ಕೇಳಿಕೊಂಡಿರುವುದರಿಂದ ಊರನ್ನು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ವರ್ಷಾಂತ್ಯದ ರಾತ್ರಿಯ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯಲ್ಲಿ ವಾಗ್ದಾನದ ಕಾರ್ಡುಗಳನ್ನು ತಟ್ಟೆಯಲ್ಲಿಟ್ಟು ಒಬ್ಬೊಬ್ಬರೂ ಒಂದೊಂದನ್ನು ಎತ್ತಿಕೊಳ್ಳಲು ಹೇಳುತ್ತಾರೆ. ಈ ಸಲ ನನಗೆ ಬಂದದ್ದು ಯೆರೆಮೀಯ 29:11, ನಿಮ್ಮ ಹಿತವನ್ನೇ ಯೋಚಿಸುತ್ತೇನೆ ಎಂಬ ದೇವರ ಮಾತು. ಅದನ್ನೇ ಹಿಡಿದು ದಿನಾಲೂ ಪ್ರಾರ್ಥಿಸಿದೆ. ಆದರೆ ಮನೆಯ ಮಗ್ಗಗಳು ನಿಂತವು, ಮಗಳಿಗೆ ಗೊತ್ತಾಗಿದ್ದ ಸಂಬಂಧವೂ ಮುರಿಯಿತು. ಪ್ರಾರ್ಥನಾಕೂಟದ ಹಿರಿಯರೊಬ್ಬರು ನನ್ನ ನಂಬಿಕೆಯಲ್ಲಿಯೇ ಎಲ್ಲೋ ಕೊರತೆ ಇದೆ ಎಂದರು. ವಾಗ್ದಾನ ಸುಳ್ಳೋ, ನನ್ನ ನಂಬಿಕೆ ಸುಳ್ಳೋ?
— ಒಬ್ಬ ತಾಯಿ, ಬೆಟಗೇರಿ

ಉತ್ತರ: ತಾಯಿ, ಎರಡೂ ಸುಳ್ಳಲ್ಲ. ಒಂದು ವಚನವನ್ನು ಅದರ ಅಧ್ಯಾಯದಿಂದ ಬಿಡಿಸಿ, ಹೂವಿನ ಚಿತ್ರದ ಕೆಳಗೆ ಅಚ್ಚು ಹಾಕಿ, ಬರುವ ಹನ್ನೆರಡು ತಿಂಗಳಿಗೆ ಸಲ್ಲುವ ಭರವಸೆಯೆಂಬಂತೆ ಕೈಗೆ ಕೊಡುವ ನಮ್ಮ ರೂಢಿಯಲ್ಲಿ ದೋಷವಿದೆ, ಮತ್ತು ಆ ದೋಷದ ಭಾರವನ್ನು ನಿಮ್ಮಂಥವರು ಒಬ್ಬೊಬ್ಬರಾಗಿ ಹೊರುತ್ತಿದ್ದೀರಿ ಎಂಬುದು ನನ್ನನ್ನು ಬಹಳ ನೋಯಿಸುತ್ತದೆ.

ದಯವಿಟ್ಟು ಯೆರೆಮೀಯನ 29ನೆಯ ಅಧ್ಯಾಯವನ್ನು ಮೊದಲ ವಚನದಿಂದ ಓದಿರಿ. ಅದು ಒಂದು ಕಾಗದ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಸೆರೆ ಒಯ್ದವರಿಗೆ ಪ್ರವಾದಿಯು ಬಾಬೆಲಿಗೆ ಬರೆದು ಕಳುಹಿಸಿದ್ದು. ಸೆರೆಹೋದವರಲ್ಲಿ ಅರಸನೂ ರಾಜಮಾತೆಯೂ ಅಲ್ಲದೆ ಕಸುಬುದಾರರೂ ಕಮ್ಮಾರರೂ ಇದ್ದರೆಂದು ಎರಡನೆಯ ವಚನವೇ ಹೇಳುತ್ತದೆ. ಆದ್ದರಿಂದ ಕಸುಬು ನಿಂತುಹೋದ ಮನೆಯ ಸಂಕಟ ಆ ಕಾಗದಕ್ಕೆ ಹೊಸದಲ್ಲ. ಅದರ ಹಿಂದಿನ ಅಧ್ಯಾಯವನ್ನೂ ನೋಡಿರಿ. ಅಲ್ಲಿ ಹನನ್ಯನೆಂಬ ಪ್ರವಾದಿಯು ದೇವಾಲಯದಲ್ಲಿ ಎಲ್ಲರ ಮುಂದೆ ನಿಂತು, ಇನ್ನೆರಡು ವರ್ಷಗಳೊಳಗೆ ಎಲ್ಲವೂ ಮೊದಲಿನಂತಾಗುವುದೆಂದು ದೇವರ ಹೆಸರಿನಲ್ಲಿಯೇ ಸಾರುತ್ತಾನೆ. ಹಾಗೆಯೇ ಆಗಲಿ ಎಂದು ಯೆರೆಮೀಯನಿಗೂ ಆಸೆಯಿತ್ತು, ಅದನ್ನು ಅವನು ಬಾಯಿಬಿಟ್ಟು ಹೇಳುತ್ತಾನೆ. ಆದರೂ ಆ ಮಾತು ದೇವರಿಂದ ಬಂದದ್ದಲ್ಲವೆಂದು ಅವನು ಕೊನೆಗೆ ಸಾರಬೇಕಾಯಿತು. ಬೇಗನೆ ಆಗಿಬಿಡುತ್ತದೆ ಎನ್ನುವ ಸಿಹಿ ಮಾತನ್ನು ವಾಗ್ದಾನವೆಂದು ನಂಬಬಾರದೆಂದು ಇಷ್ಟು ಸ್ಪಷ್ಟವಾಗಿ ಎಚ್ಚರಿಸುವ ಪ್ರವಾದನೆಯ ನಡುವಿನಿಂದಲೇ ನಾವು ಹೊಸ ವರ್ಷದ ಕಾರ್ಡಿಗೆ ವಚನವನ್ನು ಆರಿಸಿಕೊಂಡಿದ್ದೇವೆ.

ಕಾಗದದಲ್ಲಿ ಏನಿದೆ? ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿ ಅದರ ಫಲವನ್ನು ಉಣ್ಣಿರಿ, ಮಕ್ಕಳಿಗೆ ಮದುವೆ ಮಾಡಿರಿ, ನೀವು ಸೆರೆಯಾಗಿರುವ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ ಎಂದು ಐದರಿಂದ ಏಳನೆಯ ವಚನದವರೆಗೆ ಇದೆ. ಹತ್ತನೆಯ ವಚನದಲ್ಲಿ 70 ವರ್ಷಗಳೆಂಬ ಅವಧಿ ಬರುತ್ತದೆ. ನಿಮ್ಮ ಕಾರ್ಡಿನ ವಚನ ಅದಾದ ಮೇಲೆ ಬರುತ್ತದೆ. ಆ ಕಾಗದವನ್ನು ಓದಿಸಿ ಕೇಳಿದ ಹಿರಿಯರಲ್ಲಿ ಬಹುಪಾಲು ಜನ ಬಾಬೆಲಿನಲ್ಲಿಯೇ ಮಣ್ಣಾಗಿರಬೇಕು. ಹಿತವನ್ನೇ ಯೋಚಿಸುತ್ತೇನೆ ಎಂದು ದೇವರು ಹೇಳಿದ್ದು ಅವರಿಗೂ ಸೇರಿಯೇ, ಅವರ ಮೊಮ್ಮಕ್ಕಳಿಗೂ ಸೇರಿಯೇ. ಒಬ್ಬೊಬ್ಬರ ಒಂದೊಂದು ವರ್ಷಕ್ಕೆಂದು ಆ ಮಾತನ್ನು ಅಳೆದು ಕೊಟ್ಟಿರಲಿಲ್ಲ. ನಿಮ್ಮ ಮನೆಯ ಈ ವರ್ಷದ ದುಃಖ ಆ ಮಾತನ್ನು ಸುಳ್ಳು ಮಾಡಲಾರದು. ಹಾಗೆಯೇ ಆ ಮಾತನ್ನು ತೋರಿಸಿ ನಿಮ್ಮ ದುಃಖವನ್ನು ಅಲ್ಲಗಳೆಯಲು ಯಾರಿಗೂ ಹಕ್ಕಿಲ್ಲ.

ನಿಮ್ಮ ನಂಬಿಕೆಯಲ್ಲಿ ಕೊರತೆಯಿದೆ ಎಂದ ಹಿರಿಯರ ಬಗ್ಗೆಯೂ ಹೇಳಬೇಕು. ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯವನ್ನು ಅವರ ಮುಂದೆ ಇಡಿರಿ. ಅದರ ಎರಡನೆಯ ವಚನದಲ್ಲಿ ಯೋಹಾನನ ಅಣ್ಣನಾದ ಯಾಕೋಬನನ್ನು ಹೆರೋದನು ಕತ್ತಿಯಿಂದ ಕೊಲ್ಲಿಸುತ್ತಾನೆ. ಅದೇ ಅಧ್ಯಾಯದಲ್ಲಿ ಸೆರೆಯಲ್ಲಿದ್ದ ಪೇತ್ರನ ಕೈಗಳಿಂದ ಸಂಕೋಲೆಗಳು ಕಳಚಿ ಬೀಳುತ್ತವೆ. ಸಭೆ ಒಂದೇ, ಅರಸ ಒಬ್ಬನೇ. ಯಾಕೋಬನ ತಾಯಿಗೆ ನಂಬಿಕೆ ಸಾಲಲಿಲ್ಲವೆಂದು ಆ ಗ್ರಂಥವನ್ನು ಬರೆದ ಲೂಕನು ಒಂದು ಮಾತನ್ನೂ ಬರೆದಿಲ್ಲ. ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು, ಅಷ್ಟು ಕಾಲ ಅವರು ಒಳ್ಳೆಯ ಸ್ನೇಹಿತರೇ ಆಗಿದ್ದರು; ಬಾಯಿ ತೆರೆದು ಕಾರಣ ಹೇಳತೊಡಗಿದ ಮೇಲೆ ದೇವರ ಕೋಪಕ್ಕೆ ಗುರಿಯಾದರು. ಕೊನೆಯ ಅಧ್ಯಾಯದಲ್ಲಿ ದೇವರು ಅವರ ಮಾತನ್ನು ತಳ್ಳಿಹಾಕಿ, ಗೋಳಾಡಿದ ಯೋಬನ ಮಾತನ್ನೇ ಸರಿಯೆಂದು ಎತ್ತಿಹಿಡಿಯುತ್ತಾನೆ.

ಆದ್ದರಿಂದ ನೀವು ಗೋಳಾಡಬಹುದು. 13ನೆಯ ಕೀರ್ತನೆ ಎಷ್ಟರವರೆಗೆ ಎಂದು ನಾಲ್ಕು ಸಲ ಕೇಳುತ್ತದೆ, 88ನೆಯ ಕೀರ್ತನೆ ಕತ್ತಲೆಯಲ್ಲಿಯೇ ಮುಗಿಯುತ್ತದೆ, ಎರಡೂ ಆರಾಧನೆಯಲ್ಲಿ ಹಾಡಲೆಂದೇ ನಮ್ಮ ಬೈಬಲಿನಲ್ಲಿ ಇವೆ. ಕಾರ್ಡನ್ನು ಎಸೆಯಬೇಡಿರಿ, ಅದರ ಹಿಂಬದಿಯಲ್ಲಿ ಐದರಿಂದ ಹತ್ತನೆಯವರೆಗಿನ ವಚನಗಳನ್ನು ನಿಮ್ಮ ಕೈಯಾರೆ ಬರೆದುಕೊಳ್ಳಿರಿ. ನಿಮ್ಮ ಪ್ರಾರ್ಥನಾಕೂಟದವರಿಗೆ ನನ್ನದೊಂದು ಮಾತು: ಊಟಬಟ್ಟೆ ಇಲ್ಲದವರಿಗೆ ಸಮಾಧಾನದಿಂದ ಹೋಗಿರಿ ಎಂದಷ್ಟೇ ಹೇಳಿ ಕಳುಹಿಸುವವರನ್ನು ಯಾಕೋಬನ ಪತ್ರಿಕೆ ಎರಡನೆಯ ಅಧ್ಯಾಯದಲ್ಲಿ ಕಟುವಾಗಿ ಪ್ರಶ್ನಿಸುತ್ತದೆ. ಮಗ್ಗ ನಿಂತ ಮನೆಗೆ ಹೋಗಿ ನೂಲಿನ ಬಾಕಿ ಎಷ್ಟಿದೆ, ಈ ತಿಂಗಳು ಒಲೆ ಹೇಗೆ ಉರಿಯುತ್ತಿದೆ ಎಂದು ಮೊದಲು ಕೇಳಬೇಕು. ಇನ್ನು ಸಭಾಪಾಲಕರಲ್ಲಿ ನನ್ನ ವಿನಂತಿ ಇಷ್ಟೇ: ಕಾರ್ಡು ಹಂಚುವುದೇ ಆದರೆ, ಜನವರಿಯ ಮೊದಲ ಭಾನುವಾರಗಳಲ್ಲಿ ಆ ವಚನಗಳಿರುವ ಅಧ್ಯಾಯಗಳನ್ನು ಪೂರ್ತಿಯಾಗಿ ಓದಿಸಿರಿ.

ಪ್ರಶ್ನೆ: ನಾನು ಗದಗ ರಸ್ತೆಯ ರೈಲ್ವೆ ಕಾರ್ಯಾಗಾರದಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಪ್ರಾರ್ಥನೆಗೆ ಸಮಯವಿಲ್ಲ, ರಾತ್ರಿ ಕುಳಿತರೆ ನಿದ್ದೆ. ಇದು ದೇವರಿಗೆ ಮಾಡುವ ಅಪಚಾರವೇ?
— ಹುಬ್ಬಳ್ಳಿ

ಉತ್ತರ: ನೆಹೆಮೀಯನ ಎರಡನೆಯ ಅಧ್ಯಾಯದಲ್ಲಿ ಪಾರಸಿಯ ಅರಸನು ದ್ರಾಕ್ಷಾರಸ ಕುಡಿಯುತ್ತಿರುವಾಗ ಪಾನದಾಯಕನಾದ ನೆಹೆಮೀಯನಿಗೆ, ನಿನಗೇನು ಬೇಕು ಎಂದು ಕೇಳುತ್ತಾನೆ. ನೆಹೆಮೀಯನು ಪರಲೋಕದ ದೇವರನ್ನು ಪ್ರಾರ್ಥಿಸಿ ಅರಸನಿಗೆ ಉತ್ತರ ಕೊಟ್ಟನು ಎಂದು ಗ್ರಂಥವು ಹೇಳುತ್ತದೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಅರಸನು ಎಷ್ಟು ಹೊತ್ತು ಕಾದಾನು? ಕೆಲಸದ ಸ್ಥಳದಲ್ಲಿ, ಮೇಲಧಿಕಾರಿಯ ಎದುರಿನಲ್ಲಿ, ಒಂದು ಉಸಿರಿನಷ್ಟು ಹೊತ್ತಿನಲ್ಲಿ ಆದ ಪ್ರಾರ್ಥನೆ ಅದು, ಮತ್ತು ಅದನ್ನು ದೇವರು ಕೇಳಿದನು. ಆದರೆ ಅದೇ ನೆಹೆಮೀಯನು ಮೊದಲನೆಯ ಅಧ್ಯಾಯದಲ್ಲಿ ದಿನಗಟ್ಟಲೆ ಉಪವಾಸವಿದ್ದು ಅತ್ತು ಪ್ರಾರ್ಥಿಸಿದವನೂ ಹೌದು. ಆದ್ದರಿಂದ ವಾರದ ರಜೆಯ ದಿನ ಅರ್ಧ ಗಂಟೆಯನ್ನಾದರೂ ಮನೆಮಂದಿಯೊಂದಿಗೆ ಬೈಬಲಿಗೆ ಮೀಸಲಿಡಿರಿ. ಉಳಿದ ದಿನಗಳಲ್ಲಿ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯ ಒಂದೊಂದು ಸಾಲನ್ನು ಒಂದೊಂದು ದಿನಕ್ಕೆ ಇಟ್ಟುಕೊಂಡು, ಕಾರ್ಯಾಗಾರದ ಬಾಗಿಲು ಸೇರುವವರೆಗೆ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಹೋಗಿರಿ. ‘ನಮ್ಮ ಅನುದಿನದ ಆಹಾರ’ ಎಂದು ಕೇಳಿಕೊಳ್ಳುವವರಲ್ಲಿ ಪಾಳಿಯ ಕೆಲಸಕ್ಕೆ ಹೊರಟವರೇ ಮುಂದಿರುತ್ತಾರೆ. ರಾತ್ರಿ ನಿದ್ದೆ ಬಂದರೆ ಮಲಗಿರಿ. ದಣಿದು ಸಾವನ್ನು ಬೇಡಿದ ಪ್ರವಾದಿ ಎಲೀಯನಿಗೆ ದೇವರು ಮೊದಲು ನಿದ್ದೆ ಮಾಡಲು ಬಿಟ್ಟನು, ಬಳಿಕ ಎಬ್ಬಿಸಿ ರೊಟ್ಟಿ ಕೊಟ್ಟನು, ಮಾತು ಆಮೇಲೆ.

ಪ್ರಶ್ನೆ: ನಮ್ಮದು ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ. ಬೇರೆ ಪ್ರಾರ್ಥನಾಕೂಟಕ್ಕೆ ಹೋಗುವ ನನ್ನ ಕಾಲೇಜಿನ ಗೆಳೆಯರು, ಪುಸ್ತಕ ನೋಡಿ ಓದುವುದು ಪ್ರಾರ್ಥನೆಯಲ್ಲ, ಆತ್ಮನು ಪ್ರೇರಿಸಿದ್ದೇ ನಿಜವಾದ ಪ್ರಾರ್ಥನೆ ಎನ್ನುತ್ತಾರೆ. ನನಗೂ ಭಾನುವಾರದ ಆರಾಧನಾಕ್ರಮ ಯಾಂತ್ರಿಕ ಎನಿಸತೊಡಗಿದೆ.
— ವಿದ್ಯಾರ್ಥಿ, ಧಾರವಾಡ

ಉತ್ತರ: ನಿಮ್ಮ ಗೆಳೆಯರ ಉತ್ಸಾಹವನ್ನು ಹಗುರವಾಗಿ ಕಾಣಬೇಡಿರಿ, ತುಟಿಗಳಿಂದ ಸನ್ಮಾನಿಸಿ ಹೃದಯವನ್ನು ದೂರವಿಡುವ ಜನರ ಕುರಿತು ಯೆಶಾಯನೂ ನೊಂದು ನುಡಿದಿದ್ದಾನೆ. ಆದರೆ ಅವರ ತೀರ್ಮಾನ ವೇದಕ್ಕೆ ಒಪ್ಪುವುದಿಲ್ಲ. ಮತ್ತಾಯ 6:7ರಲ್ಲಿ ಸುಮ್ಮಸುಮ್ಮನೆ ಮಾತುಗಳನ್ನು ಹೆಚ್ಚಿಸಬೇಡಿರಿ ಎಂದು ಹೇಳಿದ ಯೇಸುವೇ, ಎರಡು ವಚನಗಳ ಮುಂದೆ, ಹೀಗೆ ಪ್ರಾರ್ಥಿಸಿರಿ ಎಂದು ಸಿದ್ಧವಾದ ಮಾತುಗಳನ್ನು ಶಿಷ್ಯರ ಬಾಯಲ್ಲಿ ಇಡುತ್ತಾನೆ. ಇದಕ್ಕಿಂತ ದೊಡ್ಡ ಸಾಕ್ಷಿ ಶಿಲುಬೆಯ ಮೇಲಿದೆ. ನನ್ನನ್ನು ಯಾಕೆ ಕೈಬಿಟ್ಟೆ ಎಂಬ ಕೂಗು 22ನೆಯ ಕೀರ್ತನೆಯ ಮೊದಲ ಸಾಲು. ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ ಎಂಬುದು 31ನೆಯ ಕೀರ್ತನೆಯ ಐದನೆಯ ವಚನ. ಸಾಯುವ ಹೊತ್ತಿನಲ್ಲಿ ದೇವಕುಮಾರನೇ ತನ್ನ ಜನರು ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತುಗಳಲ್ಲಿ ಪ್ರಾರ್ಥಿಸಿದನೆಂದ ಮೇಲೆ, ಕಲಿತ ಮಾತು ಪ್ರಾರ್ಥನೆಯಾಗಲಾರದು ಎಂದು ನಾವು ಹೇಗೆ ಹೇಳೋಣ?

ನಮ್ಮ ಭಾಗದ ಸಭೆಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ, ಬೆಟಗೇರಿಯಲ್ಲಿ 1841ರಲ್ಲಿ ಕೆಲಸ ತೊಡಗಿತು. ಅಕ್ಷರ ಬಾರದ ಮನೆಗಳಲ್ಲಿ ಕರ್ತನ ಪ್ರಾರ್ಥನೆ, ವಿಶ್ವಾಸಪ್ರಮಾಣ, ಕೀರ್ತನೆಗಳು ಮತ್ತು ಹಾಡುಗಳು ಬಾಯಿಂದ ಬಾಯಿಗೆ ದಾಟಿ ಬಂದವು. 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ದಕ್ಷಿಣ ಭಾರತ ಸಭೆಯು ಬೇರೆಬೇರೆ ಸಂಪ್ರದಾಯಗಳಿಂದ ಬಂದವರನ್ನು ಒಂದೇ ಮೇಜಿನ ಸುತ್ತ ಸೇರಿಸಲು ತನ್ನ ಕರ್ತನ ಭೋಜನದ ಆರಾಧನಾಕ್ರಮವನ್ನು ಸಿದ್ಧಪಡಿಸಿ 1950ರಲ್ಲಿ ಮೊದಲು ಬಳಸಿತು. ಸಭೆಯವರು ಸಮಾಧಾನದ ಗುರುತನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿಯನ್ನು ಅದರಲ್ಲಿ ಸೇರಿಸಿದ್ದು ಆಮೇಲೆ ಲೋಕದ ಅನೇಕ ಸಭೆಗಳಿಗೆ ಮಾದರಿಯಾಯಿತು. ನೀವು ಯಾಂತ್ರಿಕವೆನ್ನುವ ಪುಟಗಳಲ್ಲಿ ಇಷ್ಟೆಲ್ಲ ಜನರ ಹುಡುಕಾಟವಿದೆ.

ಮರೆವು ಆವರಿಸಿ ಮಕ್ಕಳ ಗುರುತು ಕೂಡ ತಪ್ಪಿದ ಹಿರಿಯರ ಹಾಸಿಗೆಯ ಬಳಿ ನೀವು ಒಮ್ಮೆ ನಿಲ್ಲಬೇಕು. ಕರ್ತನ ಭೋಜನದ ಸಂಸ್ಕಾರ ಕೊಡಲು ಹೋದ ಸಭಾಪಾಲಕರು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ತೊಡಗಿದರೆ, ಅಲ್ಲಿಯವರೆಗೆ ಗೋಡೆಯ ಕಡೆ ಮುಖ ಮಾಡಿದ್ದವರ ತುಟಿಗಳು ಅಲುಗುತ್ತವೆ, ‘ಆಮೆನ್’ ತಪ್ಪದೆ ಸರಿಯಾದ ಜಾಗದಲ್ಲಿ ಬೀಳುತ್ತದೆ. ಆ ಗಳಿಗೆಯಲ್ಲಿ ಸ್ವಂತದ ಮಾತುಗಳೆಲ್ಲ ಹೋಗಿರುತ್ತವೆ, ಸಭೆ ಕೊಟ್ಟ ಮಾತು ಉಳಿದಿರುತ್ತದೆ. ಮಾತೇ ಹೊರಡದ ನರಳಾಟದಲ್ಲಿಯೂ ಆತ್ಮನು ನಮಗಾಗಿ ಬೇಡಿಕೊಳ್ಳುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 8:26 ಹೇಳುವಾಗ, ಅಚ್ಚಾದ ಮಾತಿನಲ್ಲಿ ಆತ್ಮನು ಇರಲಾರನು ಎನ್ನುವುದಕ್ಕೆ ಆಧಾರವಿಲ್ಲ.

ನೀವು ಮಾಡಬಹುದಾದದ್ದು ಒಂದಿದೆ. ಶನಿವಾರ ಸಂಜೆ ಮರುದಿನದ ಪಾಪದರಿಕೆಯ ಪ್ರಾರ್ಥನೆಯನ್ನು ಮನೆಯಲ್ಲಿ ನಿಧಾನವಾಗಿ ಓದಿ, ಪ್ರತಿಯೊಂದು ಸಾಲಿನಲ್ಲಿ ಆ ವಾರದ ನಿಮ್ಮ ಯಾವ ಮಾತು, ಯಾವ ನಡೆ ಸೇರುತ್ತದೆಂದು ನೋಡಿಕೊಳ್ಳಿರಿ. ಗೆಳೆಯರ ಕೂಟಕ್ಕೂ ಹೋಗಿರಿ, ಅಲ್ಲಿ ಬಾಯಿಬಿಟ್ಟು ಪ್ರಾರ್ಥಿಸಲು ಕಲಿಯಿರಿ. ನಮ್ಮ ಸಭೆಗಳ ಯುವಜನರು ಅದಕ್ಕೆ ಅಂಜುತ್ತಾರೆ, ಅದು ನಮ್ಮ ಕೊರತೆಯೇ ಹೌದು.

ಪ್ರಶ್ನೆ: ಸುಗ್ಗಿಹಬ್ಬದಲ್ಲಿ ಆರಾಧನೆಯ ನಂತರ ಕಾಣಿಕೆ ಬಂದ ವಸ್ತುಗಳ ಸವಾಲು (ಹರಾಜು) ನಡೆಯುತ್ತದೆ. ಒಂದು ತೆಂಗಿನಕಾಯಿಗೆ ಸಾವಿರಾರು ರೂಪಾಯಿ ಕೂಗಿದವರ ಹೆಸರನ್ನು ಮೈಕಿನಲ್ಲಿ ಹೇಳಿ ಚಪ್ಪಾಳೆ ತಟ್ಟಿಸುತ್ತಾರೆ. ನಾನು ತಂದ ಅರ್ಧ ಚೀಲ ಮೆಣಸಿನಕಾಯಿ ಮೂಲೆಯಲ್ಲಿ ಉಳಿಯುತ್ತದೆ. ಹೀಗೆ ಕೊಡುವುದು ಸರಿಯೇ?
— ರೈತ, ಬ್ಯಾಡಗಿ ತಾಲ್ಲೂಕು

ಉತ್ತರ: ಸವಾಲು ತಪ್ಪಲ್ಲ. ಆ ಹಣದಿಂದ ಸಭೆಯ ಕೆಲಸ ನಡೆಯುತ್ತದೆ, ಮತ್ತು ಒಬ್ಬ ಹುಡುಗ ತಾನು ಸಾಕಿದ ಕೋಳಿ ಒಳ್ಳೆಯ ಬೆಲೆಗೆ ಹೋಯಿತೆಂದು ಹಿಗ್ಗುವುದನ್ನು ನೋಡಿದರೆ ನನಗೂ ಸಂತೋಷವೇ. ಆದರೆ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯ ಪ್ರಥಮಫಲವನ್ನು ತರುವ ಕ್ರಮವನ್ನು ಹೇಳುವಾಗ ಬೆಲೆಯ ಮಾತನ್ನೇ ಎತ್ತುವುದಿಲ್ಲ. ರೈತನು ಪುಟ್ಟಿಯನ್ನು ಯಾಜಕನ ಕೈಗೆ ಕೊಡಬೇಕು, ಯಾಜಕನು ಅದನ್ನು ಯಜ್ಞವೇದಿಯ ಮುಂದೆ ಇಡಬೇಕು, ಆಮೇಲೆ ರೈತನೇ ಬಾಯಿ ತೆರೆದು, ತನ್ನ ಮೂಲಪಿತೃ ಅಲೆದಾಡುವವನಾಗಿದ್ದನೆಂದೂ ಐಗುಪ್ತದ ಬಿಟ್ಟೀಕೆಲಸದಿಂದ ದೇವರು ತಮ್ಮನ್ನು ಬಿಡಿಸಿ ಈ ಭೂಮಿಯನ್ನು ಕೊಟ್ಟನೆಂದೂ ಹೇಳಬೇಕು. ಬೆಳೆ ತಂದವನಿಗೆ ಅಲ್ಲಿ ಮಾತಾಡುವ ಹಕ್ಕಿದೆ. ಹನ್ನೊಂದನೆಯ ವಚನದಲ್ಲಿ ಲೇವಿಯರೂ ಪರದೇಶಸ್ಥರೂ ಅವನ ಜೊತೆ ಸಂತೋಷಪಡಬೇಕೆಂದಿದೆ. ನಮ್ಮ ಹಬ್ಬದಲ್ಲಿ ಕೊಂಡವರ ಹೆಸರು ಕೇಳಿಸುತ್ತದೆ, ಬೆಳೆದವರ ಹೆಸರು ಕೇಳಿಸುವುದಿಲ್ಲ. ದೇವಾಲಯದ ಬೊಕ್ಕಸದ ಎದುರು ಕುಳಿತ ಯೇಸುವು ಶಿಷ್ಯರನ್ನು ಕರೆದು ತೋರಿಸಿದ್ದು ಎರಡು ಕಾಸು ಹಾಕಿದ ವಿಧವೆಯನ್ನು, ಬಹಳ ಹಾಕುತ್ತಿದ್ದ ಐಶ್ವರ್ಯವಂತರನ್ನು ಅಲ್ಲ.

ನಿಮ್ಮ ಸಭಾಸಮಿತಿಯ ಮುಂದೆ ಎರಡು ಮಾತು ಇಡಿರಿ. ಸವಾಲಿಗೆ ಮೊದಲು, ಆರಾಧನೆಯ ಒಳಗೇ, ಬೆಳೆ ತಂದ ಒಬ್ಬೊಬ್ಬರೂ ಮುಂದೆ ಬಂದು ಈ ವರ್ಷ ಹೊಲದಲ್ಲಿ ಏನಾಯಿತೆಂದು, ಮಳೆ ಕೈಕೊಟ್ಟಿದ್ದರೆ ಅದನ್ನೂ, ಒಂದೆರಡು ವಾಕ್ಯದಲ್ಲಿ ಹೇಳಿ ಕಾಣಿಕೆಯನ್ನು ಇಡಲಿ. ಬಂದದ್ದರಲ್ಲಿ ಒಂದು ಪಾಲನ್ನು ಸವಾಲಿಗೆ ಹಾಕದೆ, ಊರಿನಲ್ಲಿ ಆ ವರ್ಷ ಬೆಳೆ ಕಳೆದುಕೊಂಡ ಮನೆಗಳಿಗೆ, ಅವರು ನಮ್ಮ ಸಭೆಯವರಾಗಿರಲಿ ಇಲ್ಲದಿರಲಿ, ಅಂದೇ ಸಂಜೆ ಮುಟ್ಟಿಸಲಿ. ನಿಮ್ಮ ಮೆಣಸಿನಕಾಯಿ ಚೀಲವನ್ನು ಆ ಪಾಲಿಗೆ ಮೊದಲನೆಯದಾಗಿ ನೀವೇ ಕೊಡಬಹುದು.